ಜಡೆಕೊಳ್ಳಕ್ಕೆ ಜೋಡಿ ಯಾರು

ನವೆಂಬರ್ ೨, ರವಿವಾರ

ಯಾರದು, ಇದನ್ನು ಬಿಚ್ಚಿ ಓದುತ್ತಿರುವುದು? ಮುಚ್ಚು ಮೊದಲು. ಮುದುಕಿ ಡೈರಿಯೊಳಗೆ ಬಂಗಾರದ ಸರ ಮಡಚಿಟ್ಟಿದ್ದಾಳೆ ಅಂದುಕೊಂಡೆಯಾ? ಒಲೆಯ ಮೇಲೆ ಹಾಲು ಇಟ್ಟು ಬಂದಿರುತ್ತೀ, ಅಂಗಳದಲ್ಲಿ ಒಣಹಾಕಿದ ಭತ್ತಕ್ಕೆ ಕೋಳಿ ಬಿದ್ದಿರುತ್ತವೆ, ಅದನ್ನು ನೋಡುವುದು ಬಿಟ್ಟು ಇಲ್ಲಿ ಕಣ್ಣು ಹಾಯಿಸುತ್ತೀಯಲ್ಲ, ನಿನಗೆ ಏನು ಹೇಳಲಿ. ಓದಲೇಬೇಕು ಅಂತಿದ್ದರೆ ಓದು, ಅಕ್ಷರ ಸೊಟ್ಟ ಅಂತ ಮಾತ್ರ ನಗಬೇಡ. ಜವಳಗೇರಾದ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಯುವುದರೊಳಗೆ ಈ ಕರೆಮ್ಮನನ್ನು ಸಸಿ ಹಚ್ಚಲು ಕೆಸರಿಗೆ ಇಳಿಸಿದರು. ಆಮೇಲೆ ಪೆನ್ನು ಹಿಡಿದದ್ದು ರೇಷನ್ ಅಂಗಡಿಯಲ್ಲಿ ಸಹಿ ಮಾಡಲು ಮಾತ್ರ.

ಈ ಡೈರಿ ಗೊಬ್ಬರದ ಅಂಗಡಿಯವರು ಮಗ ವಿರೇಶನಿಗೆ ಕೊಟ್ಟದ್ದು. ಅವನು ಟಿವಿಯ ಹಿಂದೆ ಎಸೆದಿದ್ದ. ನಾನು ಬಾಯಿ ತೆರೆದರೆ ಮನೆಯವರೆಲ್ಲ ಕಿವಿಗೆ ಫೋನು ಹಚ್ಚುತ್ತಾರೆ. ಇದಕ್ಕೆ ಕಿವಿ ಇಲ್ಲ, ಹಾಗಾಗಿ ಓಡಿಹೋಗುವುದಿಲ್ಲ.

ಇವತ್ತು ಮೊಮ್ಮಗಳು ಮಹೇಶ್ವರಿ ಲಿಂಗಸುಗೂರಿನ ಹಾಸ್ಟೆಲಿನಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಅಪ್ಪನ ಮುಂದೆ ನಿಂತಳು. ಅವಳದು ಬಿ.ಎ. ಕಡೆಯ ವರ್ಷ. ಭೂಗೋಳ ಕಲಿಸುವ ಜಯಶ್ರೀ ಮೇಡಂ ಸಂಕ್ರಾಂತಿ ಆದ ಮೇಲೆ ಆರು ಹುಡುಗಿಯರನ್ನು ಬಾದಾಮಿ ಕಡೆಯ ಜಡೆಕೊಳ್ಳ ಅನ್ನುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಕೆಂಪು ಗುಡ್ಡ ಸೀಳಿ ಸೀಳಿ ಓಣಿಗಳಾಗಿವೆಯಂತೆ. ಓಣಿಯೊಳಗೆ ಓಣಿ, ಹೆಣೆದ ಜಡೆಯ ಹಾಗೆ. ಒಂದು ಕಡೆ ಹೊಕ್ಕು, ನಡುವೆ ಒಂದು ರಾತ್ರಿ ಕಳೆದು, ಇನ್ನೊಂದು ಕಡೆ ಹೊರಬೀಳುವುದು. ಒಳಗೆ ಕುಡಿಯಲು ನೀರಿಲ್ಲ, ಮನೆ ಇಲ್ಲ, ಮನುಷ್ಯರಿಲ್ಲ.

"ಅಲ್ಲೇನ್ ಗುಡಿ ಐತೇನು?" ಅಂದ ವಿರೇಶ.

"ಇಲ್ಲಪ್ಪ."

"ಸಂತಿ?"

"ಇಲ್ಲ."

"ಮತ್ತ ಯಾಕ ಹೋಗ್ತಿ? ಕಲ್ಲು ನೋಡಾಕ? ನಮ್ಮ ಮಸ್ಕಿ ಗುಡ್ಡದಾಗ ಕಲ್ಲಿಲ್ಲೇನು?"

"ಮಸ್ಕಿ ಕಲ್ಲು ಬ್ಯಾರೆ. ಇದು ಮರಳುಗಲ್ಲು."

"ಮರಳು ಬೇಕಂದ್ರ ಹಳ್ಳಕ್ಕ ಹೋಗು."

ನನಗೂ ನಗು ಬಂತು. ಆದರೆ ಹುಡುಗಿ ಬಿಡಲಿಲ್ಲ. ಕೊನೆಗೆ ವಿರೇಶ ಒಂದು ಷರತ್ತು ಹಾಕಿದ. "ಮನಿಯಾಗಿನ ಹಿರೇ ಹೆಣ್ಮಗಳು ಒಬ್ಬಾಕಿ ಜೋಡಿ ಬಂದ್ರ ಹೋಗು. ಇಲ್ಲಂದ್ರ ಇಲ್ಲ. ಪರೀಕ್ಷಾ ಮುಗದ ಮ್ಯಾಲ ನಿನಗ ವರ ನೋಡಾಕ ಸುರು ಮಾಡತೀನಿ. ಆಮ್ಯಾಲ ನಿನ್ನ ಗಂಡ ಎಲ್ಲಿಗರ ಕರಕೊಂಡು ಹೋಗ್ಲಿ."

ನನ್ನ ಮಗ ದಡ್ಡನಲ್ಲ. ಅವನ ಹೆಂಡತಿ ಉಮಾದೇವಿ ಎಮ್ಮೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ನನಗೆ ಮೊಣಕಾಲು ನೋವು. ಹೂಂ ಅಂದ ಹಾಗೂ ಆಯಿತು, ಬಾಗಿಲಿಗೆ ಕೀಲಿ ಹಾಕಿದ ಹಾಗೂ ಆಯಿತು.

ಹುಡುಗಿ ಬಂದು ನನ್ನ ಮಂಚದ ಕೆಳಗೆ ಕುಳಿತಳು. "ಅಜ್ಜಿ, ನೀ ಬಾ. ಇದೊಂದ ಸಲ. ಮುಂದ ನನಗ ಯಾರು ಬಿಡತಾರ?"

"ಕಲ್ಲಿನ ಸಂದ್ಯಾಗ ಹೊಕ್ಕೊಳಾಕ ನಾ ಏನ್ ಹಲ್ಲಿ ಅಂತ ತಿಳದಿಯೇನು?" ಅಂದೆ.

ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಮಲಗಬಹುದಿತ್ತು.

ನವೆಂಬರ್ ೬, ಗುರುವಾರ

ಹೋಗುವಾಗ ಹುಡುಗಿ ಒಂದು ಕಲ್ಲನ್ನು ನನ್ನ ದಿಂಬಿನ ಹತ್ತಿರ ಇಟ್ಟು ಹೋಗಿದ್ದಾಳೆ. ಜಯಶ್ರೀ ಮೇಡಂ ಕೊಟ್ಟದ್ದಂತೆ. ಮುಷ್ಟಿಯಷ್ಟು ದೊಡ್ಡದು, ಕೆಂಪು. ನಾಲ್ಕು ದಿನ ಅದರ ಕಡೆ ನೋಡಬಾರದು ಅಂತ ಹಟ ಹಿಡಿದಿದ್ದೆ. ಇವತ್ತು ಬೆಳಿಗ್ಗೆ ಎತ್ತಿಕೊಂಡೆ.

ಅದರ ಮೇಲೆ ಪದರು ಪದರಾಗಿ ಗೆರೆಗಳಿವೆ. ಉಗುರಿನಲ್ಲಿ ಕೆರೆದರೆ ಮರಳು ಉದುರುತ್ತದೆ. ಕಲ್ಲು ಅಂದರೆ ಕಲ್ಲು, ಮರಳು ಅಂದರೆ ಮರಳು. ಎರಡೂ ಹೇಗೆ ಆದೀತು? ತಂಬಿಗೆಯ ನೀರಿನಲ್ಲಿ ಮುಳುಗಿಸಿ ಕುಳಿತೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕಲ್ಲು ಉಸಿರು ಬಿಟ್ಟ ಹಾಗೆ.

ಉಮಾದೇವಿ ಕಸಬರಿಗೆ ಹಿಡಿದು ಬಂದವಳು ನಿಂತಳು. "ಅತ್ತಿ, ಕಲ್ಲಿಗ್ಯಾಕ ನೀರು ಹಾಕೀರಿ?"

"ನೆನಸಿ ರುಬ್ಬತೀನಿ. ನಿನಗ್ಯಾಕ?"

ಒಳಗೆ ಹೋಗಿ ನಕ್ಕಳು. ಸದ್ದು ಇಲ್ಲಿಯವರೆಗೆ ಬಂತು. ಇವಳಿಗೆ ನಗಲೂ ಬರುತ್ತದೆ ಅಂತ ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ಗೊತ್ತಾಯಿತು.

ಸಂಜೆ ವಿರೇಶನ ಫೋನಿನಲ್ಲಿ ಹುಡುಗಿಯನ್ನು ಕೇಳಿದೆ: ಆ ಓಣಿಗಳನ್ನು ಕೊರೆದದ್ದು ಯಾರು? ನೀರು, ಅಂದಳು. ಒಳಗೆ ಕುಡಿಯಲು ಹನಿ ನೀರಿಲ್ಲ ಅಂದವಳು ನೀನೇ ಅಲ್ಲವೇ? ಮಳೆಗಾಲದಲ್ಲಿ ಬಂದು ಹೋಗುವ ನೀರು ಅಜ್ಜಿ, ಎಷ್ಟೋ ಲಕ್ಷ ವರ್ಷದಿಂದ, ಅಂದಳು. ಇಲ್ಲಿ ನಮ್ಮ ಕಾಲುವೆಯಲ್ಲಿ ವರ್ಷದ ಹತ್ತು ತಿಂಗಳು ನೀರು ಹರಿದರೂ ಎರಡು ಕಡೆಯ ಏರಿ ಹಾಗೇ ಇದೆ. ಅಲ್ಲಿ ಬಂದು ಹೋಗುವ ನೀರು ಗುಡ್ಡ ಸೀಳುತ್ತದಂತೆ. ಇದನ್ನು ನೋಡಿದ ಹೊರತು ನಂಬುವುದು ಹೇಗೆ.

ನೋಡುತ್ತೇನೆ ಅಂತ ಹೇಳಿಲ್ಲ. ನಂಬುವುದಿಲ್ಲ ಅಂತ ಹೇಳಿದೆ ಅಷ್ಟೇ.

ನವೆಂಬರ್ ೯, ರವಿವಾರ

ಹೂಂ ಅಂದುಬಿಟ್ಟೆ.

ಹುಡುಗಿ ದೊಡ್ಡದೊಂದು ಹಾಳೆ ತಂದಿದ್ದಳು. ಕೊಳ್ಳದ ನಕಾಶೆ. ದಾರಿ ಹುಡುಕುವ ಕೆಲಸವನ್ನು ಮೇಡಂ ಇವಳಿಗೇ ವಹಿಸಿದ್ದಾರೆ. ಮೇಕೆ ಕಾಯುವವನೊಬ್ಬ ದಾರಿ ತೋರಿಸಲು ಬರುತ್ತಾನೆ, ಅರಣ್ಯದವರ ಒಪ್ಪಿಗೆಯೂ ಸಿಗುತ್ತದೆ. ಆದರೆ ಯಾರಾದರೂ ಗುಂಪಿನಿಂದ ತಪ್ಪಿಸಿಕೊಂಡರೆ ಏನು ಮಾಡಬೇಕು, ಅದನ್ನು ಒಂದೇ ಮಾತಿನಲ್ಲಿ ಬರೆದು ಎಲ್ಲ ಹುಡುಗಿಯರ ಕೈಗೆ ಕೊಡಬೇಕಂತೆ. ಆ ಒಂದು ಮಾತು ಇವಳಿಗೆ ಹೊಳೆಯುತ್ತಿರಲಿಲ್ಲ.

ಹಾಳೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕೂದಲಿನಷ್ಟು ಸಣ್ಣ ಗೆರೆಗಳು ಸೇರಿ ದಾರದಷ್ಟು ಗೆರೆ, ಅವು ಸೇರಿ ಹಗ್ಗದಷ್ಟು ದಪ್ಪ ಗೆರೆ.

"ಇದು ನಮ್ಮ ಕಾಲುವಿ ಅಲ್ಲೇನಬೇ! ಇದು ದೊಡ್ಡ ಕಾಲುವಿ. ಇವು ಉಪಕಾಲುವಿ. ಇವು ಹೊಲಗಾಲುವಿ. ಇದರಾಗ ದಾರಿ ತಪ್ಪಾದೇನೈತಿ? ತಪ್ಪಿದ್ರ ಮ್ಯಾಲಕ್ಕ ನಡಿ ಅಂತ ಬರಿ."

ನಾನು ಹೊಸದಾಗಿ ಮದುವೆಯಾಗಿ ಬಂದಾಗ ಎದೆಯೆತ್ತರದ ಭತ್ತದಲ್ಲಿ ದಾರಿ ತಪ್ಪಿ ಅಳುತ್ತ ನಿಂತಿದ್ದೆ. ಅತ್ತೆ ಆಮೇಲೆ ಕಲಿಸಿದ್ದು ಇದನ್ನೇ. ನೀರಿಗೆ ಎದುರು ನಡೆದರೆ ಸಣ್ಣ ಕಾಲುವೆ ದೊಡ್ಡದಕ್ಕೆ ಮುಟ್ಟಿಸುತ್ತದೆ, ದೊಡ್ಡದರ ಏರಿಯ ಮೇಲೆ ರಸ್ತೆ ಇರುತ್ತದೆ. ವಿರೇಶನಿಗೆ ನಾನು ಕಲಿಸಿದೆ. ಮಹೇಶ್ವರಿಗೂ ಕಲಿಸಿದ್ದೇನೆ. ಈ ಕಡೆ ಈಗ ಎಲ್ಲ ಮಕ್ಕಳಿಗೂ ನಡೆಯಲು ಕಲಿತ ಮೇಲೆ ಕಲಿಸುವ ಮೊದಲ ಪಾಠ ಇದು.

ಹುಡುಗಿಗೆ ಖಾತ್ರಿಯಾಗಲಿ ಅಂತ ಏರಿಗೆ ಕರೆದುಕೊಂಡು ಹೋದೆ. ಕಾಲುವೆಯ ಗ್ಯಾಂಗ್‌ಮನ್ ಆಗಿದ್ದ ಹಸನ್‌ಸಾಬ್ ತೂಬಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ.

"ಹಸನ್‌ಸಾಬ್, ದಾರಿ ತಪ್ಪಿದ್ರ ಎತ್ಲಾಗ ನಡಿಬೇಕು?"

"ಇದೇನ್ ಕೇಳತಿ ಕರೆಮ್ಮಕ್ಕ, ಮ್ಯಾಲಕ್ಕ. ಮೂವತ್ತು ವರ್ಷ ಈ ಕಾಲುವಿ ತಿರಗೀನಿ. ಕೆಳಗ ಹೋದ್ರ ಒಂದು ಎರಡಾಕ್ಕೈತಿ, ಎರಡು ಹತ್ತಾಕ್ಕೈತಿ, ಕಡೀಕ ಯಾರದ ಗದ್ಯಾಗ ಹೋಗಿ ಬೀಳತಿ. ಮ್ಯಾಲಕ್ಕ ನಡದ್ರ ಬಿಲ್ಕುಲ್ ತಪ್ಪಂಗಿಲ್ಲ."

ಹುಡುಗಿಯ ಮುಖ ಅರಳಿತು. ಮೇಲೆ ಹೋದರೆ ಫೋನಿಗೆ ರೇಂಜ್ ಕೂಡ ಸಿಗುತ್ತದೆ ಅಂದಳು. ಕೆಳಗಿನ ಬಾಯಿಯಲ್ಲಿ ಹೊಕ್ಕು ಮೇಲಿನ ಬಯಲಿಗೆ ಹತ್ತುವುದು ಅಂತ ಹೇಗೂ ಮೇಡಂ ಯೋಚನೆ. ತಪ್ಪಿದರೂ ಮೇಲಕ್ಕೆ, ತಪ್ಪದಿದ್ದರೂ ಮೇಲಕ್ಕೆ. "ಅಜ್ಜಿ, ನೀನ ಬರಬೇಕು" ಅಂತ ಏರಿಯ ಮೇಲೆಯೇ ತಬ್ಬಿಕೊಂಡಳು. ಹಸನ್‌ಸಾಬನ ಎದುರಿಗೆ. ಬಿಡು ಅಂದರೆ ಬಿಡಲಿಲ್ಲ. ಹೂಂ ಅಂದ ಮೇಲೆ ಬಿಟ್ಟಳು.

ಮನೆಯಲ್ಲಿ ಉಮಾದೇವಿ ಚಹಾ ಕೊಡುತ್ತ, "ಅತ್ತಿ, ನಮ್ಮೂರ ಹಳ್ಳದಾಗ..." ಅಂತ ಏನೋ ಶುರು ಮಾಡಿದಳು. ಅವಳ ತವರು ಲಿಂಗಸುಗೂರಿನ ಆಚೆ, ಬರೀ ಮಳೆ ನಂಬಿದ ಹೊಲ.

"ನಿಮ್ಮೂರ ಹಳ್ಳದಾಗ ನೀರ ಇಲ್ಲ, ಅದರ ಮಾತ್ಯಾಕ ಇಲ್ಲಿ?" ಅಂದೆ. ಎಮ್ಮೆಗೆ ಮೇವು ಹಾಕಲು ಹೋದಳು.

ಒಂದೇ ಚಿಂತೆ. ಚಪ್ಪಲಿಯ ಹಿಮ್ಮಡಿ ಸವೆದು ನೆಲ ತಾಗುತ್ತಿದೆ. ಕಲ್ಲಿನಲ್ಲಿ ನಡೆಯಲು ಬೂಟು ಬೇಕು. ಬಲಗಾಲ ಹೆಬ್ಬೆರಳ ಹತ್ತಿರ ಗಂಟು ಇರುವುದರಿಂದ ಅಗಲದ್ದೇ ಬೇಕು. ಈ ವಯಸ್ಸಿನಲ್ಲಿ ಬೂಟು ಕೊಡಿಸಿ ಅಂತ ಯಾರನ್ನು ಕೇಳಲಿ. ಕೇಳುವುದಿಲ್ಲ.

ನವೆಂಬರ್ ೧೫, ಶನಿವಾರ

ಬೆಳಿಗ್ಗೆ ಎದ್ದು ನೋಡಿದರೆ ಮಂಚದ ಕೆಳಗೆ ಬೂಟು. ಕಂದು ಬಣ್ಣ. ಮುಂದೆ ಅಗಲ. ಗಂಟಿಗೆ ತಾಗುವುದಿಲ್ಲ.

ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಸಿಂಧನೂರಿಗೆ ಹೋಗಿ ಬಂದವಳು ಒಬ್ಬಳೇ. ಅಂದರೆ ಈ ಡೈರಿ ಓದುತ್ತಿರುವುದು ಯಾರು ಅಂತ ಗೊತ್ತಾಯಿತು. ಉಮಾದೇವಿ, ನಿನಗೆ ನಾಚಿಕೆ ಬೇಡವೇ? ಅಡಗಿಸಿಡಲು ಹೊಸ ಜಾಗ ಹುಡುಕಬೇಕು. ಇವತ್ತಿಗೆ ದಿಂಬಿನ ಕೆಳಗೇ ಇರಲಿ, ಹುಡುಕುತ್ತ ಕೂಡಲು ವೇಳೆ ಇಲ್ಲ.

ಬೂಟು ಹಾಕಿಕೊಂಡು ಏರಿಯ ಮೇಲೆ ನಡೆದೆ. ಸೀರೆ ಎಷ್ಟು ಇಳಿಬಿಟ್ಟರೂ ಬೂಟು ಕಾಣುತ್ತದೆ. ಭತ್ತ ಕಾಯಲು ಕುಳಿತಿದ್ದ ಆದಮ್ಮ ದೂರದಿಂದಲೇ ಕೂಗಿದಳು. "ಏನಬೇ ಕರೆಮ್ಮ, ಪೊಲೀಸ್ ಭರ್ತಿಗೆ ಹೊಂಟಿಯೇನು?"

"ಹೌದಬೇ. ಮೊದಲ ನಿನ್ನ ಹಿಡದು ಒಳಗ ಹಾಕತೀನಿ."

"ಹಾಕು ಹಾಕು. ಅಲ್ಲರ ಕುಂತಲ್ಲಿ ಊಟ ಸಿಗತೈತಿ."

ಉಮಾದೇವಿ ಹುಲ್ಲು ತರುವ ನೆಪದಲ್ಲಿ ಹಿಂದೆಯೇ ಬಂದಳು, ಕೈಯಲ್ಲಿ ನೀರಿನ ಬಾಟಲಿ. ಹುಲ್ಲು ತರುವವರಿಗೆ ಕುಡಗೋಲು ಬೇಕು, ಬಾಟಲಿ ಯಾಕೆ? ಕೇಳಲಿಲ್ಲ. ಬಾಯಾರಿತ್ತು, ಕುಡಿದೆ.

ನವೆಂಬರ್ ೧೮, ಮಂಗಳವಾರ

ಮೊಣಕಾಲು. ಇವತ್ತು ಏನೂ ಬರೆಯುವುದಿಲ್ಲ.

ನವೆಂಬರ್ ೨೪, ಸೋಮವಾರ

ಕೆಲವು ಕಡೆ ಓಣಿ ಹೆಗಲಗಲ ಮಾತ್ರ ಇರುತ್ತದೆ, ಅಡ್ಡ ತಿರುಗಿ ನುಸುಳಬೇಕು ಅಂತ ಮಹೇಶ್ವರಿ ಹೇಳಿದ್ದಳು. ನನ್ನ ಅಳತೆ ನೋಡಿಕೊಳ್ಳಬೇಕಿತ್ತು. ವಿರೇಶ ಹಮಾಲರ ಮೇಸ್ತ್ರಿಯಾಗಿರುವ ಅಕ್ಕಿ ಮಿಲ್ಲಿನ ಗೋದಾಮಿನಲ್ಲಿ ಚೀಲಗಳನ್ನು ತಗಡಿನವರೆಗೆ ಒಟ್ಟಿರುತ್ತಾರೆ, ನಡುವೆ ಗಾಳಿಗೆ ಸಣ್ಣ ಸಣ್ಣ ಓಣಿ ಬಿಟ್ಟಿರುತ್ತಾರೆ. ಮಗನಿಗೆ ಬುತ್ತಿ ಕೊಡುವ ನೆಪ ಮಾಡಿ ಹೋಗಿ ಒಳಗೆ ಹೊಕ್ಕೆ.

ಒಳ್ಳೆಯ ಜಾಗ. ಎರಡು ಕಡೆ ಗೋಡೆಯ ಹಾಗೆ ಚೀಲ, ಮೇಲೆ ನೋಡಿದರೆ ಬೆಳಕಿನದೊಂದು ಪಟ್ಟಿ. ಹೊಟ್ಟೆ ಒಳಗೆಳೆದುಕೊಂಡರೆ ಎಲ್ಲ ಕಡೆಯೂ ನುಸುಳುತ್ತೇನೆ. ಕೊಳ್ಳದಲ್ಲಿ ಕೂಗಿದರೆ ದನಿ ತಿರುಗಿ ಬರುತ್ತದೆ ಅಂದಿದ್ದಳಲ್ಲ, ಅದನ್ನೂ ನೋಡೋಣ ಅಂತ "ಕರೆಮ್ಮಾ" ಅಂತ ಜೋರಾಗಿ ಕೂಗಿದೆ. ತಿರುಗಿ ಬರಲಿಲ್ಲ. ಭತ್ತ ನುಂಗಿಕೊಂಡಿತು. ಕಲ್ಲು ಯಾಕೆ ಹಿಂದಿರುಗಿಸುತ್ತದೆ, ಭತ್ತ ಯಾಕೆ ಇಟ್ಟುಕೊಳ್ಳುತ್ತದೆ? ಇನ್ನೊಂದು ಸಲ ಕೂಗಿದೆ.

ಹಮಾಲಿ ಕನಕರಾಜ ಓಡಿ ಬಂದ. "ಮೇಸ್ತ್ರೀ! ಚೀಲದ ಕೆಳಗ ಯಾರೋ ಕರೆಮ್ಮ ಸಿಕ್ಕೊಂಡಾಳ!"

"ನಾನ ಕರೆಮ್ಮ. ಸಿಕ್ಕೊಂಡಿಲ್ಲ, ನಿಂತೀನಿ," ಅಂದೆ.

ವಿರೇಶ ಬಂದು ನೋಡಿದ. ನನ್ನ ತಲೆಯ ಮೇಲೆ ತೌಡು, ಕಾಲಲ್ಲಿ ಬೂಟು. ಹಮಾಲರೆಲ್ಲ ನಗುತ್ತಿದ್ದರು, ಅವನು ನಗಲಿಲ್ಲ. "ಯವ್ವಾ, ನೀ ಖರೇನ ಹೋಗಾಕಿ ಏನು?"

"ಷರತ್ತು ಹಾಕಿದಾವ ನೀನ ಅಲ್ಲೇನೋ."

"ನಾ ಸುಮ್ನ ಅಂದಿದ್ದೆ."

"ನಾ ಸುಮ್ನ ಹೂಂ ಅಂದಿಲ್ಲ."

ಮನೆಗೆ ಬಂದ ಮೇಲೆ ಉಮಾದೇವಿ ಕೂರಿಸಿಕೊಂಡು ತಲೆಯಿಂದ ತೌಡು ತೆಗೆದಳು. ಬಾಚಣಿಗೆ ಹಾಕುವಾಗ "ಬೆಳಕಿನ ಪಟ್ಟಿ ಎಷ್ಟಗಲ ಇತ್ತರಿ?" ಅಂತ ಕೇಳಿದಳು. ಕೈಯಲ್ಲಿ ಅಳತೆ ತೋರಿಸಿದೆ.

ಡಿಸೆಂಬರ್ ೧, ಸೋಮವಾರ

ಮಸ್ಕಿ ಗುಡ್ಡ ಹತ್ತಿ ಬಂದೆವು. ಹತ್ತುವಾಗ ಮೊಣಕಾಲು ಒಂದು ಮಾತೂ ಆಡಲಿಲ್ಲ. ಬೂಟಿನ ಗುಣ. ಇಳಿಯುವಾಗ ಮಾತ್ರ ಪ್ರತಿ ಮೆಟ್ಟಿಲಿಗೂ ಯಾರೋ ಮೊಳೆ ಹೊಡೆದ ಹಾಗಾಯಿತು. ಇರಲಿ, ನಮ್ಮ ದಾರಿ ಹತ್ತುವುದು ತಾನೆ. ಇಳಿಯುವುದು ಮೇಲಿನ ಬಯಲಿನ ಊರಿನಿಂದ ಬಸ್ಸಿನಲ್ಲಿ.

ಜೊತೆಗೆ ಬಂದ ಉಮಾದೇವಿಯಿಂದ ತಡವಾಯಿತು. ಇಷ್ಟು ವರ್ಷ ಮಸ್ಕಿಯ ಮೇಲೆಯೇ ತವರಿಗೆ ಹೋಗಿ ಬಂದಿದ್ದಾಳೆ, ಗುಡ್ಡ ಹತ್ತಿರಲಿಲ್ಲವಂತೆ. ತುದಿಗೆ ಹೋದವಳು ಬಂಡೆಯ ಅಂಚಿಗೆ ನಿಂತೇಬಿಟ್ಟಳು. ಒಂದು ಕಡೆ ಗದ್ದೆಯ ಹಸಿರು, ಇನ್ನೊಂದು ಕಡೆ ಕಪ್ಪು ಹೊಲ.

"ಆ ಕೊಳ್ಳ ಯಾವ ಕಡೀಗೆ ಬರತೈತ್ರಿ ಅತ್ತಿ?"

"ಹೊತ್ತು ಮುಳಗೋ ಕಡೆ ಇರಬೇಕು. ಇಲ್ಲಿಂದ ಕಾಣಂಗಿಲ್ಲ, ಬಾ."

"ಕಾಣಂಗಿಲ್ಲ," ಅಂದಳು. ಬರಲಿಲ್ಲ. ಸೆರಗು ಹಾರುತ್ತಿತ್ತು, ಹಿಡಿದುಕೊಳ್ಳಲೂ ಇಲ್ಲ. ಬಸ್ಸು ತಪ್ಪಿತು. ಎಮ್ಮೆ ಒದರುತ್ತಿತ್ತು. ವಿರೇಶ ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದ.

ಇವಳನ್ನು ಇನ್ನು ಮೇಲೆ ಕರೆದುಕೊಂಡು ಹೋಗಬಾರದು. ಆದರೆ ನೀರಿನ ಬಾಟಲಿ ಯಾರು ಹಿಡಿಯುತ್ತಾರೆ.

ಡಿಸೆಂಬರ್ ೧೪, ರವಿವಾರ

ಬರೆದೇ ಮಲಗುತ್ತೇನೆ.

ಉಮಾದೇವಿಯ ತಮ್ಮ ಯಮನೂರಪ್ಪನ ಮಗುವಿಗೆ ತೊಟ್ಟಿಲ ಕಾರ್ಯ ಇತ್ತು, ಅವಳ ತವರಿಗೆ ಹೋಗಿದ್ದೆವು. ಮಹೇಶ್ವರಿ ಹಾಸ್ಟೆಲಿನಿಂದ ಅಲ್ಲಿಗೇ ಬಂದಳು. ಊರ ಹೊರಗೆ ಮಳೆ ನೀರು ಕೊರೆದ ಕೆಂಪು ಮಣ್ಣಿನ ಕೊರಕಲುಗಳಿವೆ, ಆಳೆತ್ತರ, ಕೆಲವು ಕಡೆ ಎರಡಾಳೆತ್ತರ. ಊಟ ಆದ ಮೇಲೆ ನನಗೇ ಹೊಳೆಯಿತು. ಇಲ್ಲಿ ನಮ್ಮ ಮಾತನ್ನು ಒರೆಗೆ ಹಚ್ಚಿ ನೋಡೋಣ, ಬೇಕಂತಲೇ ದಾರಿ ತಪ್ಪಿ ಮೇಲಕ್ಕೆ ನಡೆಯೋಣ ಅಂದೆ. ಮೂವರೂ ಹೊಕ್ಕೆವು. ಉಮಾದೇವಿ ಬೇಡ ಅಂದಳು, ನಾನು ಕೇಳಲಿಲ್ಲ.

ಮೇಲಕ್ಕೆ ನಡೆದೆವು. ಸ್ವಲ್ಪ ದೂರಕ್ಕೆ ಕೊರಕಲು ಎರಡಾಯಿತು. ಅಗಲದ್ದನ್ನು ಹಿಡಿದೆ. ಅದು ಮತ್ತೆ ಎರಡಾಯಿತು. ದೊಡ್ಡದು ಸಿಗುತ್ತದೆ ಅಂತ ನಡೆದಷ್ಟೂ ಸಣ್ಣದಾಗುತ್ತ ಹೋಯಿತು. ಕೊನೆಗೆ ಎದುರಿಗೆ ಮಣ್ಣಿನ ಗೋಡೆ, ಮೇಲೆ ಜಾಲಿ ಮುಳ್ಳು. ತಿರುಗಿ ಬಂದು ಇನ್ನೊಂದರಲ್ಲಿ ಹೊಕ್ಕೆವು. ಅದೂ ಮೂರಾಗಿ ಒಡೆದು ಗೋಡೆಗೆ ಮುಗಿಯಿತು. ಮತ್ತೊಂದು. ಆಮೇಲೆ ಎಲ್ಲಿಂದ ಬಂದೆವು ಅನ್ನುವುದೇ ತಿಳಿಯದಾಯಿತು. ಎಲ್ಲ ಕಡೆ ಒಂದೇ ಕೆಂಪು. ಹುಡುಗಿ ಫೋನು ಎತ್ತಿ ಎತ್ತಿ ನೋಡಿದಳು, ರೇಂಜ್ ಇಲ್ಲ. "ಅಜ್ಜಿ, ಮ್ಯಾಲಕ್ಕ ನಡದ್ರ ಕೂಡಬೇಕಲ್ಲ? ಯಾಕ ಕೂಡವಲ್ದು?" ಅಂದಳು. ದನಿ ಒಡೆದಿತ್ತು.

ನನಗೆ ಸಿಟ್ಟು ಬಂತು. ಮಣ್ಣಿನ ಮೇಲೆ. "ನಡೀರಿ, ಇನ್ನೊಂದು ನೋಡೋಣ," ಅಂದೆ.

"ಅತ್ತಿ, ನಿಂದರ್ರಿ," ಅಂದಳು ಉಮಾದೇವಿ. ಈ ದನಿಯಲ್ಲಿ ಅವಳು ನನ್ನೊಡನೆ ಮಾತಾಡಿದ್ದು ಇದೇ ಮೊದಲು. "ಇದು ಕಾಲುವಿ ಅಲ್ರಿ. ಕಾಲುವಿ ನೀರು ಹಂಚಿಕೋತ ಹೋಗತೈತಿ. ಹಳ್ಳ ನೀರು ಕೂಡಿಸಿಕೋತ ಹೋಗತೈತಿ. ಇಳದು ನಡೀರಿ, ತಾನ ಒಂದಾಕ್ಕೈತಿ."

"ಮೊದಲ ಯಾಕ ಹೇಳಲಿಲ್ಲ?"

ಅವಳು ನನ್ನ ಮುಖ ನೋಡಿದಳು. ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದು ಮುಂದೆ ನಡೆದಳು.

ಇಳಿದೆವು. ಬಲಕ್ಕೋ ಎಡಕ್ಕೋ ಅಂತ ಒಂದು ಕಡೆಯೂ ಕೇಳಬೇಕಾಗಲಿಲ್ಲ. ಒಂದು ಕೊರಕಲು ಬಂದು ಸೇರಿತು, ಇನ್ನೊಂದು ಸೇರಿತು, ದಾರಿ ಅಗಲವಾಗುತ್ತ ಹೋಯಿತು. ಉಮಾದೇವಿ ಚಿಕ್ಕಂದಿನಲ್ಲಿ ಕಟ್ಟಿಗೆ ತರಲು ಇಲ್ಲಿಗೆ ಬರುತ್ತಿದ್ದಳಂತೆ. ನಲವತ್ತು ದಾಟಿದ ಹೆಂಗಸು ಬರಿಗಾಲಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದಳು. ಮಹೇಶ್ವರಿ ಅವ್ವನನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದಳು.

ನನಗೆ ನೋಡಲು ಆಗಲಿಲ್ಲ. ಇಳಿಯುವ ಒಂದೊಂದು ಹೆಜ್ಜೆಗೂ ಮೊಣಕಾಲು ಕಿತ್ತು ಬರುತ್ತಿತ್ತು. ಅರ್ಧಕ್ಕೆ ಕುಸಿದು ಕುಳಿತೆ. ಉಮಾದೇವಿ ತಿರುಗಿ ಬಂದು ಬೆನ್ನು ಕೊಟ್ಟು ಕುಕ್ಕರಿಸಿದಳು. "ಏರ್ರಿ."

"ಹೇ, ನಾ ಏನ್ ಹುಲ್ಲಿನ ಹೊರಿ ಏನು?"

"ಹುಲ್ಲಿನ ಹೊರಿ ಇಷ್ಟು ಮಾತಾಡಂಗಿಲ್ರಿ. ಏರ್ರಿ."

ಮಹೇಶ್ವರಿ ಅಳುತ್ತಲೇ ನಕ್ಕಳು. ಉಮಾದೇವಿ ಊರ ಮುಂದಿನ ರಸ್ತೆಯವರೆಗೆ ನನ್ನನ್ನು ಹೊತ್ತು ತಂದಳು.

ಡಿಸೆಂಬರ್ ೧೫, ಸೋಮವಾರ

ಮೊಣಕಾಲು ಕುಂಬಳಕಾಯಿ ಆಗಿದೆ.

ಮೇಲಕ್ಕೆ ನಡೆ ಅಂತ ಆರು ಹುಡುಗಿಯರ ಕೈಗೆ ಬರೆದು ಕೊಟ್ಟಿದ್ದಾಯಿತು. ನನ್ನ ಮಾತು. ಯಾರೋ ಒಬ್ಬಳು ಜೊತೆ ತಪ್ಪಿ ಆ ಚೀಟಿ ಓದಿಕೊಂಡು ಮೇಲಕ್ಕೆ, ಮೇಲಕ್ಕೆ ನಡೆದಿದ್ದರೆ.

ಸಾಕು.

ಡಿಸೆಂಬರ್ ೨೦, ಶನಿವಾರ

ಮಹೇಶ್ವರಿ ಎಲ್ಲವನ್ನೂ ಮೇಡಂಗೆ ಹೇಳಿದ್ದಾಳೆ. ಮೇಡಂ ತಲೆಗೆ ಕೈ ಹಚ್ಚಿಕೊಂಡು ಕುಳಿತರಂತೆ, ಆಮೇಲೆ ಹಳೆಯ ಚೀಟಿಗಳನ್ನು ಒಂದೊಂದಾಗಿ ವಾಪಸ್ಸು ಇಸಿದುಕೊಂಡು ಹರಿದರಂತೆ. ಈಗ ದಾರಿಯನ್ನು ತಿರುವುಮುರುವು ಮಾಡಿದ್ದಾರೆ. ಮೇಲಿನ ಬಯಲಿನಿಂದ ಹೊಕ್ಕು ಕೆಳಗಿನ ಬಾಯಿಗೆ ಇಳಿಯುವುದು. ಹೇಗೆ ನಡೆದರೂ ಓಣಿಗಳು ಕೂಡುತ್ತ ಹೋಗುತ್ತವೆ. ತಪ್ಪಿದವರು ಇಳಿಯುತ್ತ ಬಂದರೆ ಸಾಕು. ಚೀಟಿಯಲ್ಲಿ ಈಗ ಬರೆದಿರುವ ಮಾತು: ಇಳಿದು ನಡೆ.

ಸರಿಯಾದ ಮಾತು. ಆ ಮಾತಿಗೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಎರಡು ದಿನ ಇಳಿಯುವುದು ಇರಲಿ, ಬಚ್ಚಲಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಿದ್ದೇನೆ.

ವಿರೇಶನಿಗೆ ಹೇಳಿದೆ. "ಮುಗೀತು ಬಿಡು ಹಂಗಾರ. ಷರತ್ತು ಷರತ್ತು," ಅಂದ. ಖುಷಿಯಾಗಿರಬೇಕು ಅಂತ ಮುಖ ನೋಡಿದೆ, ಹಾಗೇನೂ ಕಾಣಲಿಲ್ಲ. ಹುಡುಗಿಗೆ ಫೋನು ಮಾಡಿದೆ. "ಇರಲಿ ಬಿಡು ಅಜ್ಜಿ, ನಿನ್ನ ಕಾಲು ಹ್ಯಾಂಗೈತಿ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಹೊಸ ತಿಂಗಳು ಹುಟ್ಟಿದ ಕೂಡಲೇ ಅರಣ್ಯದವರಿಗೆ ಹೆಸರುಗಳನ್ನು ಕಳಿಸುತ್ತಾರಂತೆ. ಅವಳ ಜಾಗಕ್ಕೆ ಬೇರೆ ಹುಡುಗಿ ಕಾಯುತ್ತಿದ್ದಾಳಂತೆ.

ನಿನ್ನೆ ಎಳ್ಳಮವಾಸ್ಯೆ. ಎಲ್ಲರೂ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ ಉಂಡು ಬಂದರು, ನಾನು ಮಂಚದಲ್ಲೇ ಉಂಡೆ. ಸಂಜೆ ಎಚ್ಚರವಾದಾಗ ಉಮಾದೇವಿ ಕಿಟಕಿಯ ಹತ್ತಿರ ನೆಲದ ಮೇಲೆ ಮಹೇಶ್ವರಿ ಬಿಟ್ಟುಹೋದ ನಕಾಶೆ ಹಾಸಿಕೊಂಡು ಕುಳಿತಿದ್ದಳು. ಮೇಲಿನ ತುದಿಯಿಂದ ಒಂದು ಸಣ್ಣ ಗೆರೆಯ ಮೇಲೆ ಬೆರಳಿಟ್ಟು ಇಳಿಸುತ್ತ ಬಂದಳು, ದಪ್ಪ ಗೆರೆಗೆ ಮುಟ್ಟಿಸಿದಳು. ಮತ್ತೆ ಮೇಲೆ ಹೋಗಿ ಇನ್ನೊಂದು ಗೆರೆ ಹಿಡಿದಳು. ಎಮ್ಮೆ ಒದರುತ್ತಿತ್ತು, ಕೇಳಿಸಿದ ಹಾಗೆ ಕಾಣಲಿಲ್ಲ. ನಾನು ಕೆಮ್ಮಿದೆ. ದಡಬಡ ಮಡಚಿಟ್ಟು ಚಂಬು ಹಿಡಿದು ಓಡಿದಳು. ಮಡಚಿದ್ದೂ ತಪ್ಪು ತಪ್ಪು. ಬಿಚ್ಚಿ ಸರಿಯಾಗಿ ಮಡಚಲು ನನಗೆ ಅರ್ಧ ಗಂಟೆ ಹಿಡಿಯಿತು. ಮಡಚುವಾಗ ನಾನೂ ಒಂದೆರಡು ಗೆರೆ ಇಳಿದು ನೋಡಿದೆ. ಹೌದು, ಎಲ್ಲವೂ ಬಾಯಿಗೇ ಬರುತ್ತವೆ.

ಡಿಸೆಂಬರ್ ೨೩, ಮಂಗಳವಾರ

ಉಮಾದೇವಿ, ಇವತ್ತಿನದು ನಿನಗೆ. ಹೇಗೂ ಓದುತ್ತೀಯಲ್ಲ, ಕದ್ದು ಓದಬೇಡ, ಕುಳಿತು ಓದು.

ಮನೆಯಲ್ಲಿ ಹಿರಿಯ ಹೆಂಗಸು ಅಂದರೆ ನಾನೊಬ್ಬಳೇ ಅಂತ ನಿನ್ನ ಗಂಡನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಎಮ್ಮೆ ಬಿಟ್ಟು ಹೋಗುವವಳಲ್ಲ ಅಂತ ನಾನೇ ಬರೆದೆ, ಜೋಡಿ ಹೋಗಲು ನಿನ್ನ ಹೆಸರು ಯಾರ ಬಾಯಿಗೂ ಬರಲಿಲ್ಲ. ನಿನ್ನ ಬಾಯಿಗೂ ಬರಲಿಲ್ಲ, ಅದು ನಿನ್ನ ತಪ್ಪು.

ಬೆಳಿಗ್ಗೆ ವಿರೇಶನನ್ನು ಹಾಲು ಹಿಂಡಲು ಎಮ್ಮೆಯ ಹತ್ತಿರ ಕೂರಿಸಿದೆ, ನೀನು ಕಿರಾಣಿ ತರಲು ಹೋದಾಗ. "ಯವ್ವಾ, ಇದು ನನ್ನ ಕೆಲಸ ಅಲ್ಲ," ಅಂದ. "ಹಾಲು ಕುಡಿಯಾದು ನಿನ್ನ ಕೆಲಸ ಹೌದಲ್ಲೋ?" ಅಂದೆ. ಎಮ್ಮೆ ಒಂದು ಸಲ ಒದ್ದಿತು. ಚಂಬು ಅಂಗಳಕ್ಕೆ ಹೋಯಿತು, ಅವನು ಗೋಡೆಗೆ ಹೋದ. ಎರಡನೆಯ ಸಲ ಅರ್ಧ ಚಂಬು ಬಂತು. ಅಷ್ಟು ಸಾಕು, ನಾಲ್ಕು ದಿನದ ಮಾತು. ಅವನು ಆಗುವುದಿಲ್ಲ ಅಂತ ಅನ್ನಲಿಲ್ಲ. "ಆಕಿ ಹೋಗತಾಳಂತೇನು?" ಅಂತ ಮಾತ್ರ ಕೇಳಿದ. ಆಕೆಯನ್ನು ಕೇಳಿಲ್ಲ ಅಂದೆ.

ನಾನೂ ಬರುತ್ತೇನೆ. ಕೆಳಗಿನ ಬಾಯಿಯ ಹತ್ತಿರ ಒಂದು ಹಳ್ಳಿ ಇದೆ, ಬಸ್ಸು ಹೋಗುತ್ತದೆ, ಮೇಡಂ ಹತ್ತಿರ ವಿಚಾರಿಸಿದ್ದೇನೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಆ ಬಾಯಿಯಲ್ಲಿ ಕೂರುತ್ತೇನೆ. ಯಾವ ಓಣಿಯಲ್ಲಿ ಇಳಿದರೂ ನೀವು ನನ್ನ ಮುಂದೆಯೇ ಬಂದು ನಿಲ್ಲಬೇಕು, ಎಲ್ಲಿಗೆ ಹೋಗುತ್ತೀರಿ.

ಆದರೆ ಸುಮ್ಮನೆ ನಡೆದು ಬರುವಂತಿಲ್ಲ. ಓಣಿಯಲ್ಲಿ ಬೆಳಕಿನ ಪಟ್ಟಿ ಮಧ್ಯಾಹ್ನ ಎಷ್ಟಗಲ ಇರುತ್ತದೆ, ನೋಡಬೇಕು. ಕೂಗಿದರೆ ದನಿ ಒಂದೇ ಸಲ ತಿರುಗಿ ಬರುತ್ತದೋ ಎರಡು ಸಲವೋ, ಕೇಳಬೇಕು. ನನ್ನ ಹೆಸರನ್ನೇ ಕೂಗು, ಅತ್ತೆಯ ಹೆಸರು ಹಿಡಿದು ಕರೆಯಲು ಅಲ್ಲಿ ಅಡ್ಡಿ ಇಲ್ಲ. ನೀರಿಲ್ಲದ ಜಾಗದಲ್ಲಿ ಇರುವೆಗಳು ಏನು ಕುಡಿಯುತ್ತವೆ, ಗೋಡೆ ಮುಟ್ಟಿದರೆ ತಣ್ಣಗಿರುತ್ತದೋ ಬಿಸಿಯೋ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮರಳು ಉದುರುವ ಸದ್ದು ಬರುತ್ತದೋ ಇಲ್ಲವೋ. ಇದನ್ನೆಲ್ಲ ಮಹೇಶ್ವರಿಯನ್ನು ಕೇಳಿದರೆ ಪುಸ್ತಕದ ಮಾತು ಹೇಳುತ್ತಾಳೆ. ನೀನು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೀ, ಮಾತಾಡಲು ಬಿಟ್ಟರೆ.

ಬಾಯಿಂದ ಕೇಳಿದರೆ "ನೀವು ಹೇಳಿದಂಗ ಅತ್ತಿ" ಅನ್ನುತ್ತೀ. ಬಂದ ದಿನದಿಂದ ಅದನ್ನೇ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಾನು ಹೋಗು ಅಂತ ಹೇಳುತ್ತಿಲ್ಲ, ಬೇಡ ಅಂತಲೂ ಹೇಳುತ್ತಿಲ್ಲ. ಈ ಪುಟದಲ್ಲಿ ಕೆಳಗೆ ಅರ್ಧ ಜಾಗ ಬಿಟ್ಟಿದ್ದೇನೆ, ಪೆನ್ನು ಡೈರಿಯ ನಡುವೆಯೇ ಇದೆ. ಹತ್ತನೇ ತರಗತಿ ಓದಿದವಳು ನೀನು, ನಿನ್ನ ಅಕ್ಷರ ಹೇಗಿದೆ ಅಂತ ಈ ಮನೆಯಲ್ಲಿ ಯಾರೂ ನೋಡಿಲ್ಲ. ಹೋಗುತ್ತೀಯೋ ಇಲ್ಲವೋ, ನಿನ್ನ ಮನಸ್ಸಿನಲ್ಲಿ ಇರುವುದನ್ನು ನಿನ್ನ ಕೈಯಲ್ಲೇ ಬರೆ. ಜನವರಿ ಹುಟ್ಟುವುದರೊಳಗೆ ಬರೆ.